ಪೆಸ್ಟ್ ಕಂಟ್ರೋಲ್ ಸೇಲ್ಸ್‌ನವರಿಗೆ ಕಮಿಷನ್ ಕಟ್ಟಿದ ಲೆಕ್ಕ

ನಮ್ಮದು ಬೆಂಗಳೂರಿನಲ್ಲಿ ಪೆಸ್ಟ್ ಕಂಟ್ರೋಲ್ ಕೆಲಸ. ಆರು ಜನ ಟೆಕ್ನಿಷಿಯನ್‌ಗಳು, ಇಬ್ಬರು ಸೇಲ್ಸ್‌ನವರು, ಆಫೀಸಿಗೆ ಒಬ್ಬರು. ಮಾರುವುದು ಮುಖ್ಯವಾಗಿ ಮೂರು: ಮನೆಗಳ ವಾರ್ಷಿಕ ಕಾಂಟ್ರಾಕ್ಟ್, ಹೋಟೆಲ್ ಅಡುಗೆಮನೆಗಳ ತಿಂಗಳ ಕಾಂಟ್ರಾಕ್ಟ್, ಗೆದ್ದಲು ಟ್ರೀಟ್‌ಮೆಂಟ್. ಇಷ್ಟೇ ಅಳತೆಯ ಎಸಿ ಸರ್ವಿಸ್, ಟ್ಯಾಂಕ್ ಕ್ಲೀನಿಂಗ್, ಹೌಸ್‌ಕೀಪಿಂಗ್ ನಡೆಸುವವರಿಗೂ ಈ ಲೆಕ್ಕ ಹೊಂದುತ್ತದೆ, ಅಂಕಿ ಮಾತ್ರ ತಮ್ಮದು ಹಾಕಿಕೊಳ್ಳಬೇಕು.

ಮೊದಲು ಇತ್ಯರ್ಥ ಮಾಡಬೇಕಾದದ್ದು ಕಮಿಷನ್ ಯಾವುದರ ಮೇಲೆ ಅನ್ನುವುದು. ಬಿಲ್ಲಿನ ಮೊತ್ತದ ಮೇಲೆ ಕೊಟ್ಟರೆ ಲೆಕ್ಕ ಸುಲಭ, ಆದರೆ ಡಿಸ್ಕೌಂಟಿನ ಪೆಟ್ಟು ಪೂರ್ತಿ ಮಾಲೀಕನ ಮೇಲೆ ಬೀಳುತ್ತದೆ. 2 ಬಿಎಚ್‌ಕೆ ಮನೆಗೆ ಜಿರಳೆ, ಇರುವೆ ಕಾಂಟ್ರಾಕ್ಟ್, ವರ್ಷಕ್ಕೆ ಮೂರು ಸರ್ವಿಸ್, ಜಿಎಸ್‌ಟಿ ಬಿಟ್ಟು 3,000 ರೂಪಾಯಿ ಅಂತಿಟ್ಟುಕೊಳ್ಳಿ. ಒಂದು ವಿಸಿಟ್‌ಗೆ ಕೂಲಿ, ಜೆಲ್, ಸ್ಪ್ರೇ, ಪೆಟ್ರೋಲ್ ಸೇರಿ 450. ಮೂರಕ್ಕೆ 1,350. ಉಳಿಯುವ ಮಾರ್ಜಿನ್ 1,650. ಗಿರಾಕಿ ಚೌಕಾಸಿ ಮಾಡಿದ, ಸೇಲ್ಸ್‌ನವನು ಶೇ. 15 ಬಿಟ್ಟುಕೊಟ್ಟ. ಬಿಲ್ 2,550ಕ್ಕೆ ಇಳಿಯಿತು, ಮಾರ್ಜಿನ್ 1,200ಕ್ಕೆ. ಬಿಲ್ಲಿನ ಮೇಲೆ ಶೇ. 5.5 ಕಮಿಷನ್ ಇದ್ದರೆ ಅವನಿಗೆ 165ರ ಬದಲು 140 ಸಿಗುತ್ತದೆ. ನಿಮಗೆ 450 ಹೋಯಿತು, ಅವನಿಗೆ ಹೋದದ್ದು 25. ಅದೇ ಮಾರ್ಜಿನ್ ಮೇಲೆ ಶೇ. 10 ಇದ್ದರೆ 165 ಇದ್ದದ್ದು 120 ಆಗುತ್ತದೆ. ಬೆಲೆ ಶೇ. 15 ಇಳಿದಾಗ ಕಮಿಷನ್ ಶೇ. 27 ಇಳಿಯುವುದರಿಂದ ಬಾಗಿಲಲ್ಲಿ ನಿಂತು ಚೌಕಾಸಿ ಎದುರಿಸುವ ಹುರುಪು ತಾನಾಗಿ ಬರುತ್ತದೆ. ಡಿಸ್ಕೌಂಟ್‌ಗೆ ಬೇರೆ ನಿಯಮವೇ ಬೇಕಾಗಿಲ್ಲ. ಶೇ. 10 ದಾಟಿದರೆ ಫೋನ್ ಮಾಡಿ ಕೇಳಬೇಕು, ಅಷ್ಟೇ.

ಮಾರ್ಜಿನ್ ಎಂದ ಕೂಡಲೇ ಸೇಲ್ಸ್‌ನವರಿಗೆ ಅನುಮಾನ: ಖರ್ಚನ್ನು ಇವರು ಹೆಚ್ಚು ತೋರಿಸಿದರೆ? ಅನುಮಾನ ಸರಿಯಾದದ್ದೇ. ಟೆಕ್ನಿಷಿಯನ್ ಜೆಲ್ ಟ್ಯೂಬ್ ಪೋಲು ಮಾಡಿದರೆ, ಟ್ರಾಫಿಕ್ಕಿನಲ್ಲಿ ಅರ್ಧ ದಿನ ಕಳೆದರೆ ಮಾರಿದವನು ಯಾಕೆ ದಂಡ ತೆರಬೇಕು? ಅದಕ್ಕೆ ನಿಜವಾದ ಖರ್ಚನ್ನು ಕಮಿಷನ್ ಲೆಕ್ಕಕ್ಕೆ ತರುವುದೇ ಇಲ್ಲ. ಒಂದು ಕಾಸ್ಟ್ ಕಾರ್ಡ್ ಅಚ್ಚು ಹಾಕಿ ಎಲ್ಲರ ಕೈಗೂ ಕೊಟ್ಟಿದ್ದೇವೆ. ಮನೆ ವಿಸಿಟ್ 450, ಹೋಟೆಲ್ ಅಡುಗೆಮನೆ ವಿಸಿಟ್ 600, ಗೆದ್ದಲಿಗೆ ತೂತೊಂದಕ್ಕೆ 20. ಈ ಕಾರ್ಡ್ ಏಪ್ರಿಲ್ 1 ಮತ್ತು ಅಕ್ಟೋಬರ್ 1ಕ್ಕೆ ಮಾತ್ರ ಬದಲಾಗುತ್ತದೆ. ನಡುವೆ ಔಷಧಿಯ ದರ ಏರಿದರೆ ಆ ನಷ್ಟ ನಮ್ಮದು, ಟೆಕ್ನಿಷಿಯನ್ ಉಳಿಸಿದರೆ ಆ ಲಾಭವೂ ನಮ್ಮದು.

ಗೆದ್ದಲಿಗೆ ಚದರಡಿ ಬಿಟ್ಟು ತೂತಿನ ಲೆಕ್ಕ ಹಿಡಿದದ್ದಕ್ಕೆ ಕಾರಣವಿದೆ. ಕಟ್ಟಿ ಮುಗಿದ ಮನೆಗೆ ಗೋಡೆಯೂ ನೆಲವೂ ಕೂಡುವ ಸಾಲಿನಲ್ಲಿ 12 ಮಿಲಿಮೀಟರ್ ತೂತು, 300 ಮಿಲಿಮೀಟರಿಗೊಂದು, ಅಂದರೆ ಅಡಿಗೊಂದು. ತೂತೊಂದಕ್ಕೆ ಒಂದು ಲೀಟರ್‌ವರೆಗೆ ದ್ರಾವಣ. ಗೆದ್ದಲಿನ ಔಷಧಿ ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಆದರೆ ಲೀಟರ್ ನೀರಿಗೆ 2.1 ಮಿಲಿ. ಆಮೇಲೆ ವೈಟ್ ಸಿಮೆಂಟ್ ತುಂಬಿ ಮುಚ್ಚುವುದು. ಹಾಗಾಗಿ ಖರ್ಚನ್ನು ನಿರ್ಧರಿಸುವುದು ಗೋಡೆಯ ಉದ್ದ. ಸೇಲ್ಸ್‌ನವನು ಹಾಲ್‌ನಲ್ಲಿ ನಿಂತು ‘1,200 ಚದರಡಿ, 180 ತೂತು’ ಎಂದು ಬರೆದು 9,000ಕ್ಕೆ ಒಪ್ಪಿಸಿಬಿಡುತ್ತಾನೆ. ನಡುಗೋಡೆಗೆ ಎರಡೂ ಕಡೆ ಕೊರೆಯಬೇಕೆಂಬುದು ಮರೆತಿರುತ್ತದೆ. ಡ್ರಿಲ್ ಹಿಡಿದು ಹೋದವನು ಎಣಿಸಿದರೆ 260. ಕಾಗದದ ಮೇಲೆ ಮಾರ್ಜಿನ್ 5,400, ನಿಜಕ್ಕೆ 3,800. ಅದಕ್ಕೇ ಕೊಟೇಷನ್ನಿನಲ್ಲಿ ಟೇಪ್ ಹಿಡಿದು ಅಳೆದ ರನ್ನಿಂಗ್ ಫೂಟ್ (ಗೋಡೆಯುದ್ದ, ಅಡಿಯಲ್ಲಿ) ಕಡ್ಡಾಯ. ಟೆಕ್ನಿಷಿಯನ್ ಎಣಿಕೆ ಅದಕ್ಕಿಂತ ಶೇ. 10 ಮೀರಿದರೆ ಕಮಿಷನ್ ಟೆಕ್ನಿಷಿಯನ್ನಿನ ಎಣಿಕೆಯ ಮೇಲೆ. ಈ ಒಂದು ಸಾಲು ಸೇರಿದ ಮೇಲೆ ಟೇಪ್‌ಗಳು ಬ್ಯಾಗಿನಿಂದ ಹೊರಗೆ ಬಂದವು.

ತಿಗಣೆಯದೂ ಇದೇ ಕತೆ. ‘ಒಂದೇ ಸಲಕ್ಕೆ ಹೋಗುತ್ತೆ ಸಾರ್’ ಎಂದು ಮಾರುವುದು ಸುಲಭ. ಮೊದಲ ಸ್ಪ್ರೇಗೆ ಮೊಟ್ಟೆಗಳು ಸಾಯುವುದಿಲ್ಲ. ಅವು ಒಡೆದ ಮೇಲೆ, ಸುಮಾರು 15 ದಿನ ಬಿಟ್ಟು, ಇನ್ನೊಂದು ಸಲ ಹೋಗಲೇಬೇಕು. ಕಾಸ್ಟ್ ಕಾರ್ಡಿನಲ್ಲಿ ತಿಗಣೆಗೆ ಎರಡು ವಿಸಿಟ್ ಹಿಡಿದೇ ಇದೆ. ‘ಎಷ್ಟು ಸಲ ಕರೆದರೂ ಫ್ರೀ’ ಎಂದು ಕೊಟೇಷನ್ನಿನಲ್ಲಿ ಬರೆದುಕೊಟ್ಟಿದ್ದರೆ, ಒಂದು ಫ್ರೀ ವಿಸಿಟ್ ಆದ ಮೇಲಿನ ಪ್ರತಿ ವಿಸಿಟ್‌ನ 450 ಅವನ ಮಾರ್ಜಿನ್‌ನಿಂದ ಕಳೆಯುತ್ತದೆ.

ಇನ್ನು ದರ. ಸೇಲ್ಸ್‌ನವನೇ ಹುಡುಕಿ ತಂದ ಹೊಸ ಮನೆಗೆ ಮಾರ್ಜಿನ್ನಿನ ಶೇ. 10. ಜಸ್ಟ್‌ಡಯಲ್, ಗೂಗಲ್ ಮೂಲಕ ನಾವು ದುಡ್ಡು ಕೊಟ್ಟು ತಂದ ಲೀಡ್ (ವಿಚಾರಿಸಿದ ಗಿರಾಕಿಯ ವಿವರ) ಆದರೆ 7. ಗೆದ್ದಲಿಗೆ 10. ರಿನ್ಯೂವಲ್‌ಗೆ 4. ಹೋಟೆಲ್ ಕಾಂಟ್ರಾಕ್ಟಿಗೆ ಮೊದಲ 12 ತಿಂಗಳು 12, ಆಮೇಲೆ 4. ಹೋಟೆಲ್‌ಗೆ ಹೆಚ್ಚು ಕೊಡುವುದು ಯಾಕೆಂದರೆ ಮಾಲೀಕ ಸಿಗುವುದಕ್ಕೇ ನಾಲ್ಕು ಸಲ ಅಲೆಯಬೇಕು. ಮಾರಲು ಒಂದು ಹಿಡಿಕೆಯೂ ಉಂಟು: ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸ್ ನಿಯಮಗಳ 4ನೇ ಶೆಡ್ಯೂಲಿನಲ್ಲಿ ಕೀಟ ನಿಯಂತ್ರಣ ಇದೆ, ಇನ್‌ಸ್ಪೆಕ್ಷನ್ ದಿನ ತೋರಿಸಲು ಸರ್ವಿಸ್ ಚೀಟಿ ಅವರಿಗೆ ಬೇಕು.

ಹೋಟೆಲ್ ಕಮಿಷನ್ನನ್ನು ವರ್ಷಕ್ಕೆ ಒಟ್ಟಿಗೆ ಕೊಡಬಾರದು. ತಿಂಗಳಿಗೆ 2,500, ಎರಡು ವಿಸಿಟ್, ಮಾರ್ಜಿನ್ 1,300, ಕಮಿಷನ್ 156. ಸಹಿ ಬಿದ್ದ ದಿನವೇ 12 ತಿಂಗಳ 1,872 ಕೊಟ್ಟು, ಮೂರನೇ ತಿಂಗಳಿಗೆ ದರ್ಶಿನಿ ಕೈ ಬದಲಾದರೆ ಆ ದುಡ್ಡು ವಾಪಸ್ ಬರುವುದಿಲ್ಲ. ಬಿಲ್ ವಸೂಲಾದ ತಿಂಗಳು ಆ ತಿಂಗಳದ್ದು ಮಾತ್ರ. 30 ದಿನದೊಳಗೆ ಬಂದರೆ ಪೂರ್ತಿ, 60ರೊಳಗೆ ಬಂದರೆ ಅರ್ಧ, ಆಮೇಲೆ ಇಲ್ಲ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳಿಗೆ ಮಾತ್ರ ಮೊದಲ ಗಡುವು 45 ದಿನ, ಅಲ್ಲಿ ಚೆಕ್ಕಿಗೆ ಇಬ್ಬರ ಸಹಿ ಆಗಬೇಕಿರುತ್ತದೆ. ಅವರು ಟಿಡಿಎಸ್ (ಪಾವತಿಯಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದು ಕೊಟ್ಟರೆ ಅದು ಕಡಿಮೆ ವಸೂಲಿ ಆಗುವುದಿಲ್ಲ, ಪೂರ್ತಿ ಬಂದಂತೆಯೇ ಲೆಕ್ಕ. ಇದನ್ನು ಬರೆದಿಡದಿದ್ದರೆ ಶೇ. 1ರ ಸಲುವಾಗಿ ಪ್ರತಿ ತಿಂಗಳೂ ಜಗಳ.

ಮನೆ ಮತ್ತು ಗೆದ್ದಲು ಕೆಲಸಕ್ಕೆ ದುಡ್ಡು ಬಂದು ಮೊದಲ ಸರ್ವಿಸ್ ಆದ ಮೇಲೆ ಶೇ. 70. ಉಳಿದ 30, ಮನೆಯದಾದರೆ ಎರಡನೇ ಸರ್ವಿಸ್ ಮುಗಿದಾಗ, ಗೆದ್ದಲಿನದಾದರೆ 60 ದಿನಕ್ಕೆ. ಅರ್ಧಕ್ಕರ್ಧ ತಡೆಹಿಡಿಯುವವರಿದ್ದಾರೆ, ಅಷ್ಟು ಹಿಡಿದರೆ ಚೆನ್ನಾಗಿ ಮಾರುವವನೇ ಮೊದಲು ಬಿಟ್ಟು ಹೋಗುವುದು. ಗಿರಾಕಿಗೆ ದುಡ್ಡು ವಾಪಸ್ ಮಾಡಬೇಕಾಗಿ ಬಂದರೆ ಕೊಟ್ಟ ಕಮಿಷನ್ನನ್ನು ಮುಂದಿನ ಕಮಿಷನ್‌ನಲ್ಲಿ ಕಳೆಯುತ್ತೇವೆ, ಆ ತಿಂಗಳ ಕಮಿಷನ್ನಿನ ಅರ್ಧಕ್ಕಿಂತ ಹೆಚ್ಚು ಕಳೆಯುವುದಿಲ್ಲ. ಫಿಕ್ಸೆಡ್ ಸಂಬಳಕ್ಕೆ ಕೈ ಹಾಕುವ ಮಾತೇ ಇಲ್ಲ.

ಫಿಕ್ಸೆಡ್ 20,000 ಇಟ್ಟಿದ್ದೇವೆ. ಈ ಭಾಗ ನಿಮ್ಮ ವಲಯದ ಕನಿಷ್ಠ ವೇತನಕ್ಕಿಂತ ಕೆಳಗಿರಬಾರದು. ಕಮಿಷನ್ ಸೇರಿಸಿ ಕನಿಷ್ಠ ಮುಟ್ಟಿಸುತ್ತೇವೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಮಾಮೂಲಿ ತಿಂಗಳೊಂದನ್ನು ಹಾಳೆಯ ಮೇಲೆ ಓಡಿಸಿ ನೋಡಿ. ಹೊಸ ಮನೆ 20, ಅದರಲ್ಲಿ 12 ಅವನದೇ, 8 ಕಂಪನಿ ಲೀಡ್: ಕಮಿಷನ್ 2,904. ಗೆದ್ದಲು ನಾಲ್ಕು: 1,520. ರಿನ್ಯೂವಲ್ 15: 990. ಮೊದಲ ವರ್ಷದೊಳಗಿನ ಹೋಟೆಲ್ 24: 3,744. ಒಟ್ಟು 9,158. ಇಷ್ಟೂ ಕೆಲಸದ ಮಾರ್ಜಿನ್ 1,04,150. ಸಂಬಳ, ಕಮಿಷನ್, ಪೆಟ್ರೋಲ್ ಮತ್ತು ಮೊಬೈಲ್‌ಗೆ 3,500 ಸೇರಿ ಅವನಿಗೆ ತಗಲುವುದು 32,658, ಅಂದರೆ ಮಾರ್ಜಿನ್ನಿನ ಶೇ. 31. ಮೂರನೇ ಒಂದು ಭಾಗ ದಾಟದಿದ್ದರೆ ಬಾಡಿಗೆ, ಆಫೀಸು, ಮಾಲೀಕನ ಮನೆ ನಡೆಯುತ್ತವೆ. ಅವನು ಮಾರಿದ್ದು ಅರ್ಧಕ್ಕಿಳಿದ ತಿಂಗಳೂ ಹೀಗೇ ಹಾಕಿ ನೋಡಬೇಕು: ಮಾರ್ಜಿನ್ 52,000, ಖರ್ಚು 28,000. ಅಂಥ ಎಷ್ಟು ತಿಂಗಳು ತಡೆದುಕೊಳ್ಳಬಲ್ಲಿರಿ ಅನ್ನುವುದು ಫಿಕ್ಸೆಡ್ ಎಷ್ಟಿರಬೇಕೆಂದು ಹೇಳುತ್ತದೆ.

ಸ್ಲ್ಯಾಬ್ ಇಡುವ ಆಸೆ ಎಲ್ಲರಿಗೂ ಇರುತ್ತದೆ, ಎಡವುವುದೂ ಅಲ್ಲೇ. ‘ತಿಂಗಳ ಮಾರ್ಜಿನ್ 1 ಲಕ್ಷ ಮುಟ್ಟಿದರೆ ಪೂರ್ತಿಗೆ ಶೇ. 12, ಇಲ್ಲದಿದ್ದರೆ 10’ ಎಂದಿಟ್ಟರೆ 98,000ಕ್ಕೆ ನಿಂತವನಿಗೆ 9,800, ಲಕ್ಷ ಮುಟ್ಟಿದವನಿಗೆ 12,000. ಕೊನೆಯ 2,000 ಮಾರ್ಜಿನ್‌ಗೆ ಕಮಿಷನ್ 2,200! ಮೂವತ್ತನೇ ತಾರೀಕು ಸಂಜೆ ಭಾವನ ಮನೆ, ಪಕ್ಕದ ಮನೆಯ ಹೆಸರಿನಲ್ಲಿ ಬುಕಿಂಗ್ ಬೀಳುತ್ತದೆ. ಹೆಚ್ಚಿನ ದರ ಇಡುವುದಾದರೆ ಮಿತಿ ಮೀರಿದ ಭಾಗಕ್ಕೆ ಮಾತ್ರ, ಅದೂ ಮೂರು ತಿಂಗಳ ಒಟ್ಟಿನ ಮೇಲೆ. ಗೌರಿ ಹಬ್ಬಕ್ಕೂ ದೀಪಾವಳಿಗೂ ಮನೆ ಒಪ್ಪ ಮಾಡುವಾಗ ಫೋನ್ ಜಾಸ್ತಿ, ನಡುವೆ ಮಂಕಾದ ವಾರಗಳೂ ಇರುತ್ತವೆ. ತಿಂಗಳ ಟಾರ್ಗೆಟ್ ಇಟ್ಟರೆ ಬುಕಿಂಗನ್ನು ಆಚೆ ಈಚೆ ತಳ್ಳುವುದನ್ನು ಕಲಿಸಿದಂತೆ.

ಹೊಸಬರಿಗೆ ಮೊದಲ ಮೂರು ತಿಂಗಳು ಕಮಿಷನ್ ಗ್ಯಾರಂಟಿ: 6,000, 4,000, 2,000. ದುಡಿದದ್ದು ಇದಕ್ಕಿಂತ ಹೆಚ್ಚಾದರೆ ಹೆಚ್ಚಿನದೇ. ಇದನ್ನು ಮುಂಗಡ ಎಂದು ಬರೆದುಕೊಂಡು ಆಮೇಲೆ ಮುರಿದುಕೊಳ್ಳಬೇಡಿ, ನಾಲ್ಕನೇ ತಿಂಗಳು ಸಾಲದ ಲೆಕ್ಕ ನೋಡಿಯೇ ಹೋಗಿಬಿಡುತ್ತಾರೆ.

ಒಂದೇ ಗಿರಾಕಿಗೆ ಇಬ್ಬರು ಕೈ ಹಾಕುವುದು ಇನ್ನೊಂದು ತಕರಾರು. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಗಿರಾಕಿಯ ಏರಿಯಾ, ಫೋನಿನ ಕೊನೆಯ ನಾಲ್ಕು ಅಂಕಿ ಮೊದಲು ಹಾಕಿದವನಿಗೆ 45 ದಿನ ಹಕ್ಕು. ಆಮೇಲೆ ಯಾರಾದರೂ ಮಾರಬಹುದು. ಟೆಕ್ನಿಷಿಯನ್ ಪಕ್ಕದ ಮನೆಯ ಲೀಡ್ ತಂದರೆ ಅವನಿಗೆ ಕೈಗೆ 100, ಅವನ ಮಾತಿನಿಂದ ರಿನ್ಯೂವಲ್ ಆದರೆ 50. ನಿಜ ಹೇಳಬೇಕೆಂದರೆ ಮನೆಯವರು ನಂಬುವುದು ಸಿಂಕ್ ಕೆಳಗೆ ಬಗ್ಗಿ ಜೆಲ್ ಇಟ್ಟವನನ್ನೇ.

ತೆರಿಗೆಯದು ಚುಟುಕಾಗಿ. ಸಂಬಳದ ನೌಕರನಿಗೆ ಕೊಟ್ಟ ಕಮಿಷನ್ ಸಂಬಳವೇ. ಎರಡೂ ಸೇರಿ ಆ ತಿಂಗಳ ಮೊತ್ತ 25,000 ಮುಟ್ಟಿದರೆ ಕರ್ನಾಟಕದ ವೃತ್ತಿ ತೆರಿಗೆ ಬರುತ್ತದೆ. ಹೊರಗಿನ ಏಜೆಂಟರಿಗೆ ವರ್ಷಕ್ಕೆ 20,000 ದಾಟಿದರೆ ಶೇ. 2 ಟಿಡಿಎಸ್ (2024ರ ಅಕ್ಟೋಬರ್ 1ಕ್ಕೆ ಮೊದಲು 5 ಇತ್ತು). ಸ್ವಂತ ಹೆಸರಿನ ವ್ಯಾಪಾರವಾಗಿ ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟದಿದ್ದರೆ ಹಿಡಿಯಬೇಕಿಲ್ಲ. ಕೇಂದ್ರದ ವೇತನ ಕಾಯ್ದೆಯಾದ ವೇತನ ಸಂಹಿತೆಯಲ್ಲಿ ಕಮಿಷನ್ ವೇತನದ ವ್ಯಾಖ್ಯೆಯಿಂದ ಹೊರಗಿದ್ದರೂ, ಹೊರಗಿಟ್ಟ ಬಾಬ್ತುಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದಷ್ಟು ವೇತನಕ್ಕೇ ಸೇರುತ್ತದೆ. ಫಿಕ್ಸೆಡ್ ತೀರಾ ಕಡಿಮೆ ಇಟ್ಟು ಉಳಿಸುವ ಉಪಾಯ ಅಲ್ಲಿಗೆ ಮುಗಿಯಿತು.

ಪ್ರತಿ ತಿಂಗಳ 7ಕ್ಕೆ ಒಬ್ಬೊಬ್ಬರಿಗೂ ಒಂದು ಶೀಟ್. ಮೇಲಿನ ಗೆದ್ದಲು ಕೆಲಸ ಅದರಲ್ಲಿ ಹೀಗೆ ಒಂದು ಸಾಲು: ದರ 9,000, ಕಾರ್ಡ್ ಖರ್ಚು 260 ತೂತಿಗೆ 5,200, ಮಾರ್ಜಿನ್ 3,800, ಕಮಿಷನ್ 380, ಈಗ 266, ಬಾಕಿ 114, ಬಾಕಿ ಕೊಡುವ ತಾರೀಕು. ತಪ್ಪಿದ್ದರೆ 10ರೊಳಗೆ ಹೇಳಬೇಕು, 12ಕ್ಕೆ ಬ್ಯಾಂಕಿಗೆ ಜಮಾ.

ಕೆಲಸಕ್ಕೆ ಸೇರುವ ದಿನ ಸಹಿ ಹಾಕಿಸುವ ಕಾಗದ ಕನ್ನಡದಲ್ಲಿ ಒಂದೇ ಪುಟ. ಅದರಲ್ಲಿ ಮುಖ್ಯವಾದ ಸಾಲು, ಕಮಿಷನ್ ‘ದುಡಿದದ್ದು’ ಎಂದು ಯಾವಾಗ ಆಗುತ್ತದೆ ಅನ್ನುವುದು: ಹಣ ಬಂದು ಸರ್ವಿಸ್ ಆದಾಗ. ಬಿಟ್ಟು ಹೋಗುವವರಿಗೆ ವೇತನ ಸಂಹಿತೆಯ ಪ್ರಕಾರ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಮಾಡಬೇಕಾಗುವುದರಿಂದ ಈ ಸಾಲು ಇಲ್ಲದಿದ್ದರೆ ವಸೂಲಾಗದ ಬಿಲ್ಲುಗಳೂ ಅಂದೇ ಮೇಜಿನ ಮೇಲೆ ಬರುತ್ತವೆ. ಅವನು ಹೋದ ಮೇಲೆ 60 ದಿನದೊಳಗೆ ಬಂದ ಅವನ ಬಿಲ್ಲುಗಳ ಕಮಿಷನ್ ಅವನ ಖಾತೆಗೇ ಹೋಗುತ್ತದೆ, ಅದೇ ಶೀಟಿನ ಫೋಟೋ ವಾಟ್ಸಾಪ್‌ಗೆ.