ಕೆನಡಾದ ವಿನಿಪೆಗ್ ಚಳೀಲಿ ಫುಡ್ ಟ್ರಕ್ ಮಾಡ್ಸೋರು ಮೊದ್ಲು ನೀರಿನ ಬಗ್ಗೆ ಯೋಚ್ನೆ ಮಾಡಿ

ಎಲ್ರಿಗೂ ನಮಸ್ಕಾರ, ದೋಸೆ ಟ್ರಕ್ ಮಾಡ್ಸೋಕೆ ಹೊರಟಿರೋರು ದಯವಿಟ್ಟು ಸ್ಟವ್, ತವಾ, ಪೇಂಟ್ ಎಲ್ಲ ಆಮೇಲೆ ನೋಡ್ಕೊಳ್ಳಿ, ಮೊದ್ಲು ನೀರಿನ ಟ್ಯಾಂಕ್ ಎಲ್ಲಿ ಕೂರುತ್ತೆ ಅಂತ ಬಿಲ್ಡರ್‌ನ ಕೇಳಿ. ಇಲ್ಲಿ ಜನವರೀಲಿ ಮೈನಸ್ 30 ಆಗೋದು ಮಾಮೂಲು. ಒಳ್ಳೇ ನೀರಿನ ಟ್ಯಾಂಕು, ಕೊಳೆ ನೀರಿನ ಟ್ಯಾಂಕು ಎರಡೂ ಟ್ರಕ್ ಒಳಗೇ ಇರ್ಬೇಕು, ಪೈಪೂ ಅಷ್ಟೇ, ಕೆಳಗೆ ನೇತಾಕಿದ್ರೆ ಒಂದೇ ರಾತ್ರೀಲಿ ಹೆಪ್ಪುಗಟ್ಟಿ ಪೈಪ್ ಒಡ್ದೋಗುತ್ತೆ. ರಾತ್ರಿ ನೀರನ್ನ ಪೂರ್ತಿ ಖಾಲಿ ಮಾಡೋಕೆ ತೀರಾ ತಗ್ಗಲ್ಲಿ ಒಂದು ವಾಲ್ವ್ ಇಡ್ಸಿ, ಪಂಪಲ್ಲಿ ಉಳಿಯೋ ನೀರನ್ನೂ ಮರೀಬೇಡಿ.

ಗ್ಯಾಸ್ ವಿಷ್ಯ ಬಹಳ ಜನಕ್ಕೆ ಗೊತ್ತಿರಲ್ಲ. ಸಿಲಿಂಡರಲ್ಲಿ ದ್ರವವಾಗಿರೋ ಪ್ರೊಪೇನ್ ಕುದ್ದು ಗ್ಯಾಸ್ ಆಗೋದು ಮೈನಸ್ 42 ಡಿಗ್ರೀಲಿ, ಮೈನಸ್ 30 ಅದಕ್ಕೆ ಹತ್ರಾನೇ, ಹಾಗಾಗಿ ಆ ಚಳೀಲಿ ಸಿಲಿಂಡರಲ್ಲಿ ಪ್ರೆಶರ್ ತುಂಬಾ ಕಮ್ಮಿ, ಎರಡು ಮೂರು ಬರ್ನರ್ ಒಟ್ಟಿಗೆ ಹಚ್ಚಿದ್ರೆ ಉರಿ ಸೊರಗುತ್ತೆ, ತವಾ ಕಾಯಲ್ಲ, ದೋಸೆ ಅಂಟ್ಕೊಳ್ಳುತ್ತೆ. ಸಣ್ಣ ಸಿಲಿಂಡರ್ ಬದ್ಲು ದೊಡ್ಡದು ಹಾಕ್ಸಿ, ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡ್ಬೇಡಿ. ಆದ್ರೆ ಬೆಚ್ಚಗಿರ್ಲಿ ಅಂತ ಸಿಲಿಂಡರನ್ನ ಒಳಗೆ ತಂದಿಡೋ ಕೆಲ್ಸ ಮಾತ್ರ ಯಾವತ್ತೂ ಮಾಡ್ಬೇಡಿ ಪ್ಲೀಸ್, ಕಾರ್ಬನ್ ಮಾನಾಕ್ಸೈಡ್ ಅಲಾರಂ, ಗ್ಯಾಸ್ ಲೀಕ್ ಅಲಾರಂ ಎರಡೂ ಇರ್ಲೇಬೇಕು.

ಇನ್ನೊಂದು, ಎಕ್ಸಾಸ್ಟ್ ಹುಡ್ ಹೊಗೆ ಜೊತೆ ಒಳಗಿನ ಬಿಸಿಗಾಳೀನೂ ಎಳ್ಕೊಂಡು ಹೋಗುತ್ತೆ, ಅದಕ್ಕೆ ಬದ್ಲಾಗಿ ಹೊರಗಿಂದ ಬರೋ ಗಾಳೀನ ಬಿಸಿ ಮಾಡಿ ಬಿಡೋ ವ್ಯವಸ್ಥೆ ಮಾಡ್ಸಿ, ಇಲ್ಲಾಂದ್ರೆ ಎಷ್ಟು ಹೀಟರ್ ಹಾಕಿದ್ರೂ ಕೈ ಮರಗಟ್ಟುತ್ತೆ. ಚಳಿ ತಡೆಯೋಕೆ ಗೋಡೆಗೆ ಸ್ಪ್ರೇ ಫೋಮ್ (ಸಿಂಪಡಿಸಿದ್ಮೇಲೆ ಉಬ್ಬಿ ಗಟ್ಟಿಯಾಗೋ ನೊರೆ) ಒಳ್ಳೇದು, ಸಂದಿ ಉಳಿಯಲ್ಲ. ಹಿಟ್ಟು ಮಾತ್ರ ಕಿಚನ್ನಲ್ಲೇ ಹುದುಗು ಬರ್ಸಿ ತನ್ನಿ, ಟ್ರಕ್ಕಲ್ಲಿ ಉಬ್ಬಲ್ಲ.