ಸಸೆಕ್ಸ್‌ನಲ್ಲಿ ಡೆವಲಪ್‌ಮೆಂಟ್ ಓದಬೇಕಾ? ರಂಗೋಲಿ ಪುಡಿ ತನ್ನಿ

ಡೆವಲಪ್‌ಮೆಂಟ್ ಸ್ಟಡೀಸ್ ಓದ್ತೀನಿ ಅಂದರೆ ಮನೆಯಲ್ಲಿ ‘ಲೇಔಟ್ ಮಾಡೋದಾ?’ ಎಂದು ಕೇಳಿಯಾರು. ಒಂದು ಊರಿಗೆ ನೀರು ಬಂತು, ಪಕ್ಕದ ಊರಿಗೆ ಯಾಕೆ ಬರಲಿಲ್ಲ ಎಂದು ಹುಡುಕುವ ಓದು ಇದು. ಇದಕ್ಕೆ ಹೆಸರಾದ ಜಾಗ ಇಂಗ್ಲೆಂಡಿನ ಬ್ರೈಟನ್ ಪಕ್ಕದ ಸಸೆಕ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. 1966ರಲ್ಲಿ ಶುರುವಾದ ಐಡಿಎಸ್, ಅಂದರೆ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್. ಎಂಎ ಒಂದೇ ವರ್ಷ.

ಮೊದಲು ಕ್ಯಾಲೆಂಡರ್ ನೋಡಿ. ತರಗತಿ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಆದರೆ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಆಗಸ್ಟ್‌ನಲ್ಲೇ ತೆರೆಯುತ್ತದೆ. ಸೀಟು ಸಿಗಲಿ, ಆಮೇಲೆ ದುಡ್ಡಿನ ಮಾತು ಎಂದು ಕೂತರೆ ಬಸ್ಸು ಹೋಗಿರುತ್ತದೆ. ಇದಕ್ಕೆ 2,800 ಗಂಟೆ ಕೆಲಸದ ಅನುಭವ ಬೇಕು. ಸಂಬಳವಿಲ್ಲದ ಸ್ವಯಂಸೇವೆಯೂ ಲೆಕ್ಕಕ್ಕೆ ಬರುತ್ತದೆ. ಅರ್ಜಿಯಲ್ಲಿ ಮೂರು ಕೋರ್ಸ್ ಹೆಸರಿಸಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಇಂಗ್ಲೆಂಡಿನಲ್ಲೇ ನೆಲೆಸುವ ಆಸೆಯಿದ್ದರೆ ಇದು ನಿಮಗಲ್ಲ.

ಇನ್ನು ಎಸ್‌ಒಪಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್), ಅಂದರೆ ಈ ಓದು ಯಾಕೆ ಬೇಕು ಎಂದು ನೀವೇ ಬರೆದು ಅರ್ಜಿಯ ಜೊತೆ ಕೊಡುವ ಬರಹ. ಜಾಸ್ತಿ ಜನ ಎಡವುವುದು ಇಲ್ಲೇ. ‘ಚಿಕ್ಕಂದಿನಿಂದಲೂ ಬಡವರ ಸೇವೆ ಮಾಡುವಾಸೆ’ ಎಂದು ಬರೆದಿದ್ದರೆ ದಯವಿಟ್ಟು ಅಳಿಸಿ. ಕಣ್ಣಾರೆ ಕಂಡ ಒಂದು ಸಂಗತಿ ಬರೆಯಿರಿ. ಕಂಡಿಲ್ಲವಾ? ಪಿಆರ್‌ಎ (ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್) ಮಾಡಿ ನೋಡಿ, ಅಂದರೆ ಊರಿನ ಸ್ಥಿತಿಯನ್ನು ಊರಿನವರೇ ಚಿತ್ರಿಸಿ ಹೇಳುವ ಸಮೀಕ್ಷೆ. ಐಡಿಎಸ್‌ನ ರಾಬರ್ಟ್ ಚೇಂಬರ್ಸ್ ಜಗತ್ತಿಗೆಲ್ಲ ಪರಿಚಯಿಸಿದ ಈ ವಿಧಾನ ಬೆಳೆದದ್ದರಲ್ಲಿ ನಮ್ಮ ಬೆಂಗಳೂರಿನ ಮೈರಾಡ ಸಂಸ್ಥೆಯ ಪಾಲೂ ಇದೆ.

ಗೊತ್ತಿರುವ ಒಂದು ಊರಿಗೆ ಹೋಗಿ. ಹಿರಿಯರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಅರಳಿಕಟ್ಟೆ ಮುಂದೆ ನೆಲ ಗುಡಿಸಿ, ರಂಗೋಲಿ ಪುಡಿ, ಕಲ್ಲು, ಹುಣಸೆ ಬೀಜ ಇಡಿ. ‘ನಿಮ್ಮೂರಿನ ನಕ್ಷೆ ಬರೀರಿ’ ಎಂದು ಹೇಳಿ ಪಕ್ಕಕ್ಕೆ ಸರಿಯಿರಿ. ಗಂಡಸರದ್ದೊಂದು, ಹೆಂಗಸರದ್ದೊಂದು ಬೇರೆ ಬೇರೆ ಬರೆಸಿ. ಒಂದರಲ್ಲಿ ದೇವಸ್ಥಾನ, ಬಸ್‌ಸ್ಟಾಪ್ ದೊಡ್ಡದಾಗಿರಬಹುದು. ಇನ್ನೊಂದರಲ್ಲಿ ನಲ್ಲಿ, ಸೌದೆ ತರುವ ದಾರಿ. ಮನೆಗೊಂದು ಬೀಜ ಇಡಿಸಿ. ಯಾವ ಕೇರಿ ಬಿಟ್ಟುಹೋಯಿತು ಎಂದು ಗಮನಿಸಿ. ಸುಮ್ನೆ ನೋಡಬೇಕು, ತಿದ್ದಬಾರದು. ಇದೇ ಕಷ್ಟ. ಓದಿದವರಿಗೆ ಬಾಯಿ ತುರಿಸುತ್ತದೆ, ಅಲ್ವಾ? ನಕ್ಷೆ ಅಳಿಸುವ ಮುಂಚೆ ಕೇಳಿ ಫೋಟೊ ತೆಗೆಯಿರಿ. ಪುಸ್ತಕದಲ್ಲೂ ಬರೆದುಕೊಂಡು, ಊರಿಗೊಂದು ಪ್ರತಿ ಕೊಡಿ. ಎರಡು ನಕ್ಷೆಗಳ ನಡುವಿನ ವ್ಯತ್ಯಾಸದಿಂದ ನಿಮಗೆ ಹುಟ್ಟಿದ ಪ್ರಶ್ನೆಯೇ ಎಸ್‌ಒಪಿಯ ಮೊದಲ ಪ್ಯಾರಾ.

ಶಿಫಾರಸು ಪತ್ರ ತಿಂಗಳ ಮುಂಚೆಯೇ ಕೇಳಿ. ನಿಮ್ಮ ಮುಖವೇ ನೆನಪಿಲ್ಲದ ಪ್ರಾಂಶುಪಾಲರಿಗಿಂತ, ನಿಮ್ಮ ಜೊತೆ ಬಿಸಿಲಲ್ಲಿ ತಿರುಗಿದ ಮೇಲ್ವಿಚಾರಕರು ವಾಸಿ.

ಸ್ಕಾಲರ್‌ಶಿಪ್ ಕೈತಪ್ಪಿದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಎರಡು ವರ್ಷದ ಎಂಎ ಇದೆ. ಅಲ್ಲಿಗೆ ಅರ್ಜಿ ಹಾಕುವಾಗಲೂ ಆ ಫೋಟೊ ಕೈಗೆ ಸಿಗುವಂತಿರಲಿ.