ಮೇನ್ ರಾಜ್ಯದ ಬೇಸಿಗೆ ಶಿಬಿರದಲ್ಲಿ ಕೌನ್ಸೆಲರ್ ಆಗಿ: ನನ್ನ ಅನುಭವ

ಅಮೆರಿಕದ ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ಜೊತೆಯಲ್ಲೇ ವಾಸವಿದ್ದು ಅವರನ್ನು ನೋಡಿಕೊಳ್ಳುವ ಕೌನ್ಸೆಲರ್‌ಗಳಿಗೆಂದು ಜೆ-1 ಎಂಬ ವಿನಿಮಯ ಕಾರ್ಯಕ್ರಮಗಳ ವೀಸಾದಲ್ಲಿ ಪ್ರತ್ಯೇಕ ವಿಭಾಗವಿದೆ. ಕನಿಷ್ಠ 18 ವರ್ಷ ತುಂಬಿ ಇಂಗ್ಲಿಷ್ ಚೆನ್ನಾಗಿ ಬಲ್ಲವರು ಗರಿಷ್ಠ ನಾಲ್ಕು ತಿಂಗಳು ಈ ಕೆಲಸ ಮಾಡಬಹುದು. ಈ ವೀಸಾದಲ್ಲಿ ಹೋದವರನ್ನು ಅಡುಗೆಗೋ ಪಾತ್ರೆ ತೊಳೆಯಲೋ ಹಚ್ಚುವಂತಿಲ್ಲವೆಂದು ನಿಯಮವೇ ಹೇಳುತ್ತದೆ. ಊಟ, ವಸತಿ ಶಿಬಿರದ್ದೇ. ಕೈಗೆ ಬರುವ ಹಣವನ್ನು ದುಡಿದ ಗಂಟೆಗಳಿಂದ ಭಾಗಿಸಿ ನೋಡಿದರೆ ಮನಸ್ಸು ಕೆಡುತ್ತದೆಯಾದ್ದರಿಂದ, ಗಳಿಕೆಯೇ ಉದ್ದೇಶವಾಗಿರುವವರಿಗೆ ಇದು ತಕ್ಕ ಕೆಲಸವಲ್ಲ.

ನಾನಿದ್ದುದು ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿ, ಸರೋವರದ ದಡದ ಒಂದು ಬಾಲಕರ ಶಿಬಿರದಲ್ಲಿ. ಮರದ ಕ್ಯಾಬಿನ್, ಎರಡಂತಸ್ತಿನ ಮಂಚಗಳು, ಎಂಟರಿಂದ ಹತ್ತು ವರ್ಷದ ಹುಡುಗರು, ಅವರ ನಡುವೆಯೇ ಮಲಗುವ ಇಬ್ಬರು ಕೌನ್ಸೆಲರ್‌ಗಳು. ಮಕ್ಕಳು ನಮ್ಮನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಮೇಷ್ಟ್ರು, ಸರ್ ಎಂಬ ರೂಢಿಯಲ್ಲಿ ಬೆಳೆದ ನನಗೆ ಅದು ಒಗ್ಗಲು ಕೆಲವು ದಿನ ಹಿಡಿಯಿತು. ಮಗುವೊಂದರ ಜೊತೆ ಯಾರ ಕಣ್ಣಿಗೂ ಬೀಳದ ಕಡೆ ಒಬ್ಬನೇ ಇರುವಂತಿಲ್ಲ, ಮಾತ್ರೆಯನ್ನು ನರ್ಸ್ ಹೊರತು ಯಾರೂ ಕೊಡುವಂತಿಲ್ಲ, ಮಕ್ಕಳ ಬಳಿ ಮೊಬೈಲ್ ಇರುವಂತಿಲ್ಲ ಎಂಬ ಮೂರು ನಿಯಮಗಳಿಗೆ ಅಲ್ಲಿ ವಿನಾಯಿತಿಯೇ ಇರಲಿಲ್ಲ.

ಹಗಲಿನಲ್ಲಿ ಈಜು, ದೋಣಿ, ಬಿಲ್ಲುಗಾರಿಕೆಗಳಿಗೆ ಅದರದರ ತರಬೇತುದಾರರಿರುತ್ತಾರೆ. ಕೌನ್ಸೆಲರ್‌ನ ಅಸಲಿ ಕೆಲಸವೆಂದರೆ ರಾತ್ರಿಯ ಊಟ ಮುಗಿದಾಗಿನಿಂದ ಕೊನೆಯ ಹುಡುಗ ನಿದ್ದೆಹೋಗುವವರೆಗಿನದು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಎಂಟೂಕಾಲರ ನಂತರವಾದ್ದರಿಂದ, ಕಿಟಕಿಯಾಚೆ ಇನ್ನೂ ಬೆಳಕಿರುವಾಗಲೇ ಅವರನ್ನು ಮಲಗಿಸಬೇಕು. ಹಗಲೆಲ್ಲ ಮರೆತಿದ್ದ ಮನೆ ನೆನಪಾಗುವುದು ಆಗಲೇ. ಮೊದಲ ವಾರ ಒಬ್ಬ ಹುಡುಗ ಬೂಟಿನ ದಾರ ಬಿಗಿದುಕೊಂಡೇ ಮಂಚದ ಮೇಲೆ ಕುಳಿತಿರುತ್ತಿದ್ದ. ಹೊಟ್ಟೆನೋವು ಎಂದ, ನರ್ಸ್ ಪರೀಕ್ಷಿಸಿ ಕಳುಹಿಸಿದ ಮೇಲೆ, ಶನಿವಾರದವರೆಗೂ ಹೀಗೇ ಇದ್ದರೆ ಅಮ್ಮ ಬಂದು ಕರೆದೊಯ್ಯುತ್ತೇನೆಂದು ಹೇಳಿದ್ದಾಳೆ ಎಂದ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಪ್ರಕಟಿಸಿದ ವರದಿ ಪೋಷಕರು ಇಂಥ ಒಪ್ಪಂದ ಮಾಡಿಕೊಳ್ಳಬಾರದೆಂದು ಎಚ್ಚರಿಸುತ್ತದೆ, ಏಕೆಂದರೆ ಆಮೇಲೆ ಮಗು ಹೊಂದಿಕೊಳ್ಳುವುದನ್ನು ಬಿಟ್ಟು ದಿನ ಎಣಿಸತೊಡಗುತ್ತದೆ. "ಆ ತೀರ್ಮಾನ ನನ್ನ ಕೈಯಲ್ಲಿಲ್ಲ, ನೀನು ಹೇಳಿದ್ದನ್ನು ನಿರ್ದೇಶಕರಿಗೆ ತಲುಪಿಸುತ್ತೇನೆ" ಎಂದಷ್ಟೇ ಹೇಳಿ, ನಿಜವಾಗಿಯೂ ತಲುಪಿಸಿದೆ. ಸಮಾಧಾನದ ಮಾತನ್ನು ಉದ್ದ ಬೆಳೆಸಿದಷ್ಟೂ ಅಳು ಹೆಚ್ಚುತ್ತದೆಂಬುದು ನಾನು ಕಂಡ ಸತ್ಯ. ಅದರ ಬದಲು, ರಾತ್ರಿಯ ತಪಾಸಣೆಯಲ್ಲಿ ಟಾರ್ಚ್ ಹಿಡಿಯುವ ಜವಾಬ್ದಾರಿಯನ್ನು ಅವನಿಗೆ ಕೊಟ್ಟೆ. ಕೆಲಸಕ್ಕೆ ಎದ್ದವನು ಮುಗಿಸಿ ಬಂದು ಬೂಟು ಬಿಚ್ಚಿದ.

ತಪಾಸಣೆ ಉಣುಗಿನದು. ಕ್ಯಾಸನೂರು ಕಾಡಿರುವ ಸೊರಬ ತಾಲ್ಲೂಕು ನನ್ನ ಊರು. 1957ರಲ್ಲಿ ಅಲ್ಲಿ ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯದಲ್ಲಿ ಬೆಳೆದವರಿಗೆ ಉಣುಗನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಮೇನ್‌ನ ಜಿಂಕೆ ಉಣುಗು ಲೈಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆಯನ್ನು ಹರಡುತ್ತದೆ, ಅದರ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಸಾಮಾನ್ಯವಾಗಿ ಅದು ಚರ್ಮಕ್ಕೆ ಕಚ್ಚಿಕೊಂಡು 24 ಗಂಟೆಗೂ ಹೆಚ್ಚು ಕಾಲ ಉಳಿದರೆ ಮಾತ್ರ ಸೋಂಕು ದಾಟುವುದರಿಂದ, ದಿನಕ್ಕೊಮ್ಮೆ ತಪ್ಪದೆ ನೋಡುವುದು ಬಹುಪಾಲು ರಕ್ಷಣೆ ಕೊಡುತ್ತದೆ. ಕಿವಿಯ ಹಿಂಭಾಗ, ಕೂದಲ ಬುಡ, ಮೊಣಕಾಲ ಹಿಂದಿನ ಮಡಿಕೆ, ಕಾಲುಚೀಲದ ಅಂಚುಗಳನ್ನು ನಾವು ನೋಡುತ್ತಿದ್ದೆವು. ಉಳಿದದ್ದನ್ನು ಹುಡುಗರು ಸ್ನಾನದಲ್ಲಿ ತಾವೇ ನೋಡಿಕೊಳ್ಳಬೇಕಿತ್ತು. ಉಣುಗು ಸಿಕ್ಕಿದರೆ ಮಗುವನ್ನು ನರ್ಸ್ ಬಳಿಗೆ ಕರೆದೊಯ್ಯುತ್ತಿದ್ದೆವು. ಆಕೆ ಸಣ್ಣ ಮೊನೆಯ ಚಿಮಟದಿಂದ ಅದನ್ನು ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆಯುತ್ತಿದ್ದರು. ಎಣ್ಣೆ ಸುರಿಯುವುದಕ್ಕೆ, ಕಡ್ಡಿ ಗೀರಿ ಸುಡುವುದಕ್ಕೆ ಅಲ್ಲಿ ಅವಕಾಶವಿಲ್ಲ.

ಎಲ್ಲರೂ ಮಲಗಿದ ಮೇಲೆ ದಿನಚರಿ ಪುಸ್ತಕ ತುಂಬಬೇಕು. ಪೋಷಕರು ಫೋನ್ ಮಾಡಿದಾಗ ಕಚೇರಿಯವರು ಉತ್ತರಿಸುವುದು ಅದನ್ನು ನೋಡಿಯೇ ಆದ್ದರಿಂದ "ಹಟಮಾರಿ", "ಮಂಕಾಗಿದ್ದಾನೆ" ಎಂಬಂಥ ಮಾತುಗಳನ್ನು ಬಿಟ್ಟು, ಏನು ತಿಂದ, ಯಾರ ಜೊತೆ ಆಡಿದ, ಎಷ್ಟು ಹೊತ್ತಿಗೆ ಮಲಗಿದ ಎಂಬುದನ್ನಷ್ಟೇ ಬರೆಯುವುದು ಒಳ್ಳೆಯದು.